ಮಸಣದ ಪಕ್ಕದ ತುಂಬು ಸಂಸಾರ

1992ರ ಮೇ 19ರಂದು ಸ್ಯಾನ್‌ಫ್ರಾನ್ಸಿಸ್ಕೋದ ಕಾಮನ್‌ವೆಲ್ತ್ ಕ್ಲಬ್‌ನಲ್ಲಿ ಅಮೆರಿಕದ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಭಾಷಣಕ್ಕೆ ನಿಂತರು. ಲಾಸ್ ಏಂಜಲೀಸ್ ಗಲಭೆಯ ಬೆಂಕಿ ಹತ್ತಿ ಇನ್ನೂ ಮೂರು ವಾರ ಆಗಿರಲಿಲ್ಲ. ಆ ಬೆಂಕಿಗೆ ಕಾರಣ ಹುಡುಕಿದ ಕ್ವೇಲ್, ಕುಟುಂಬಗಳು ಒಡೆದದ್ದು, ಮೌಲ್ಯಗಳು ಕುಸಿದದ್ದು ಮೂಲ ಎಂದರು. ಮಾತಿನ ನಡುವೆ ಟೀವಿ ಧಾರಾವಾಹಿಯ ಪಾತ್ರವೊಂದನ್ನೂ ಎಳೆದು ತಂದರು. ಮರ್ಫಿ ಬ್ರೌನ್ ಎಂಬ ಆ ಕಾಲ್ಪನಿಕ ಪತ್ರಕರ್ತೆ ಮದುವೆಯಾಗದೆ ಮಗು ಹೆತ್ತಿದ್ದಳು. ಅದು ಜನರಿಗೆ ತಪ್ಪು ಮೇಲ್ಪಂಕ್ತಿ ಹಾಕಿಕೊಟ್ಟಿತೆಂಬುದು ಅವರ ದೂರು. ಮರುದಿನದ ಪತ್ರಿಕೆಗಳ ತುಂಬ ಅದೇ ಸುದ್ದಿ.

ಅಲ್ಲಿಂದ ನವೆಂಬರ್‌ನ ಚುನಾವಣೆಯವರೆಗೂ ‘ಕೌಟುಂಬಿಕ ಮೌಲ್ಯ’ ಎಂಬ ಮಾತು ಅಮೆರಿಕದಲ್ಲಿ ಕಿವಿಗೆ ಬೀಳದ ದಿನವಿರಲಿಲ್ಲ. ಆಗಸ್ಟ್‌ನಲ್ಲಿ ಹ್ಯೂಸ್ಟನ್ನಿನ ರಿಪಬ್ಲಿಕನ್ ಸಮಾವೇಶದಲ್ಲಿ ಪಕ್ಷದ ನಾಯಕ ಪ್ಯಾಟ್ ಬುಕಾನನ್ ವೇದಿಕೆ ಹತ್ತಿ, ದೇಶದೊಳಗೆ ಸಾಂಸ್ಕೃತಿಕ ಯುದ್ಧವೇ ನಡೆದಿದೆ ಎಂದು ಸಾರಿದರು. ಆ ಯುದ್ಧದಲ್ಲಿ ಎದುರಾಳಿಗಳೆಂದು ಬೊಟ್ಟು ಮಾಡಿದ್ದು ಸ್ತ್ರೀವಾದಿಗಳತ್ತ, ಸಲಿಂಗಿಗಳತ್ತ. ಒಳ್ಳೆಯ ಕುಟುಂಬದ ಚಿತ್ರವೊಂದನ್ನು ಮುಂದಿಟ್ಟು, ಅದಕ್ಕೆ ಹೊಂದದವರೆಲ್ಲ ಸಮಾಜಕ್ಕೆ ಕೇಡು ಎಂದು ಹೇಳುವ ರಾಜಕಾರಣ ಅದು. ಚುನಾವಣೆಯಲ್ಲಿ ಅಧ್ಯಕ್ಷ ಬುಷ್ ಮತ್ತು ಕ್ವೇಲ್ ಸೋತರು, ಬಿಲ್ ಕ್ಲಿಂಟನ್ ಗೆದ್ದರು. ಮಾತು ಮಾತ್ರ ಗಾಳಿಯಲ್ಲೇ ಉಳಿಯಿತು.

ಮರುವರ್ಷ, 1993ರ ನವೆಂಬರ್ 19ರಂದು, ಪ್ಯಾರಾಮೌಂಟ್ ಸಂಸ್ಥೆ ಒಂದು ಹಾಸ್ಯಚಿತ್ರ ಬಿಡುಗಡೆ ಮಾಡಿತು. ಮಸಣದ ಪಕ್ಕದ ಪಾಳುಬಂಗಲೆಯಲ್ಲಿ ವಾಸಿಸುವ, ಸಾವು ನೋವುಗಳನ್ನೇ ಹಬ್ಬವೆಂದುಕೊಂಡ ಒಂದು ವಿಚಿತ್ರ ಸಂಸಾರದ ಕತೆ. 1991ರ ‘ದಿ ಆಡಮ್ಸ್ ಫ್ಯಾಮಿಲಿ’ಯ ಮುಂದುವರಿದ ಭಾಗ. ಚುನಾವಣೆಯ ಘೋಷಣೆಯನ್ನೇ ಎತ್ತಿಕೊಂಡು ಅದಕ್ಕೆ ಇಟ್ಟ ಹೆಸರು ‘ಆಡಮ್ಸ್ ಫ್ಯಾಮಿಲಿ ವ್ಯಾಲ್ಯೂಸ್’. ಹಾಲಿವುಡ್ಡಿನ ಎರಡನೆಯ ಭಾಗಗಳು ಬಹುಪಾಲು ಮೊದಲನೆಯದರ ಗಂಟಿನ ಮೇಲೆ ಬದುಕುತ್ತವೆ. ಇದು ಹಾಗಲ್ಲ. ಆ ಹೊತ್ತಿನ ಅಮೆರಿಕದ ಜೊತೆ ಇಷ್ಟು ನೇರವಾಗಿ ಜಗಳಕ್ಕೆ ನಿಂತ ಇನ್ನೊಂದು ಜನಪ್ರಿಯ ಹಾಸ್ಯಚಿತ್ರ ನನಗೆ ನೆನಪಾಗುವುದಿಲ್ಲ.

ಈ ಸಂಸಾರ ಹುಟ್ಟಿದ್ದು ಸಿನಿಮಾದಲ್ಲಲ್ಲ, ಪತ್ರಿಕೆಯ ಪುಟದಲ್ಲಿ. ಚಾರ್ಲ್ಸ್ ಆಡಮ್ಸ್ 1912ರಲ್ಲಿ ನ್ಯೂಜೆರ್ಸಿಯ ವೆಸ್ಟ್‌ಫೀಲ್ಡ್‌ನಲ್ಲಿ ಹುಟ್ಟಿದರು. ಎಳವೆಯಿಂದಲೇ ಊರಿನ ಸ್ಮಶಾನ ಸುತ್ತುವುದು, ಪಾಳುಮನೆಗಳಲ್ಲಿ ಇಣುಕುವುದು ಅವರಿಗೆ ಇಷ್ಟದ ಕೆಲಸ. ತಾರುಣ್ಯದಲ್ಲಿ ‘ಟ್ರೂ ಡಿಟೆಕ್ಟಿವ್’ ಎಂಬ ಅಪರಾಧ ಪತ್ರಿಕೆಯಲ್ಲಿ ನೌಕರಿ. ಕೊಲೆಯಾದವರ ಫೋಟೋಗಳಲ್ಲಿ ರಕ್ತ ಕಾಣದಂತೆ ತಿದ್ದಿ ಅಚ್ಚಿಗೆ ಕೊಡುವುದು ಅಲ್ಲಿ ಅವರ ಪಾಲಿಗೆ ಬಂದಿತ್ತು. 1932ರಿಂದ ‘ದಿ ನ್ಯೂಯಾರ್ಕರ್’ ಅವರ ಚಿತ್ರಗಳನ್ನು ಪ್ರಕಟಿಸತೊಡಗಿತು. 1938ರ ಆಗಸ್ಟ್‌ನಲ್ಲಿ ಬಂದ ಒಂದು ವ್ಯಂಗ್ಯಚಿತ್ರದಲ್ಲಿ ವ್ಯಾಕ್ಯೂಮ್ ಕ್ಲೀನರ್ ಮಾರುವವನೊಬ್ಬ ಹಳೆಯ ಬಂಗಲೆಯೊಳಗೆ ನಿಂತು ತನ್ನ ಯಂತ್ರದ ಗುಣಗಾನ ಮಾಡುತ್ತಿದ್ದಾನೆ. ಒಳಗೆಲ್ಲ ಜೇಡರ ಬಲೆ, ಮುರಿದ ಮೆಟ್ಟಿಲು. ಕೇಳುತ್ತಾ ನಿಂತವಳು ಕಪ್ಪು ನಿಲುವಂಗಿಯ, ಬಿಳಿಚಿದ ಮುಖದ ತೆಳ್ಳನೆಯ ಹೆಂಗಸು. ಆಕೆಗೆ ಆಗ ಹೆಸರೂ ಇರಲಿಲ್ಲ.

ಮುಂದಿನ ವರ್ಷಗಳಲ್ಲಿ ಆಕೆಗೆ ಗಂಡ ಬಂದ, ಮಕ್ಕಳು ಬಂದರು, ಅಜ್ಜಿ ಬಂದಳು, ದೈತ್ಯಾಕಾರದ ಆಳು ಬಂದ. 1946ರ ಕ್ರಿಸ್‌ಮಸ್ ಹೊತ್ತಿನ ಚಿತ್ರವಂತೂ ಲೋಕಪ್ರಸಿದ್ಧ. ಹಿಮ ಬಿದ್ದ ಅಂಗಳದಲ್ಲಿ ನಿಂತು ಒಂದು ತಂಡ ಹಬ್ಬದ ಹಾಡು ಹಾಡುತ್ತಿದೆ. ಮೇಲೆ ಚಾವಣಿಯಲ್ಲಿ ಮನೆಮಂದಿ ಕುದಿಯುವ ಕೊಪ್ಪರಿಗೆಯೊಂದನ್ನು ಅವರ ತಲೆಯ ಮೇಲೆ ಬಗ್ಗಿಸಲು ಅಣಿಯಾಗಿದ್ದಾರೆ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಅಮೆರಿಕದಲ್ಲಿ, ಹೊಸ ಬಡಾವಣೆ, ಹೊಸ ಫ್ರಿಜ್, ನಗುಮುಖದ ನಾಲ್ಕು ಮಂದಿಯ ಕುಟುಂಬವೇ ಆದರ್ಶವಾಗುತ್ತಿದ್ದ ಕಾಲದಲ್ಲಿ, ಆಡಮ್ಸ್ ಆ ಆದರ್ಶವನ್ನು ತಲೆಕೆಳಗು ಮಾಡಿ ಬಿಡಿಸಿದರು.

ಒಂದು ವಿಷಯ ಇಲ್ಲಿ ಗಮನಿಸಬೇಕು. ಈ ಮನೆಯಲ್ಲಿ ಯಾರೂ ಯಾರನ್ನೂ ಹೊರಗೆ ಹಾಕುವುದಿಲ್ಲ. ಅಜ್ಜಿಯಿದ್ದಾಳೆ, ಮದುವೆಯಿಲ್ಲದೆ ಉಳಿದ ದೊಡ್ಡಪ್ಪನಿದ್ದಾನೆ, ಮಾತು ಬಾರದ ಆಳಿಗೂ ಊಟದ ಮನೆಯಲ್ಲಿ ಸಲಿಗೆಯಿದೆ. ನಮ್ಮ ಕಡೆಯ ತುಂಬು ಕುಟುಂಬ ಕಂಡವರಿಗೆ ಈ ಮನೆಯ ಕತ್ತಲೆ ಹೊಸತೆನಿಸಬಹುದು, ಮನೆಯ ಕಟ್ಟು ಹೊಸತಲ್ಲ.

1964ರಲ್ಲಿ ನಿರ್ಮಾಪಕ ಡೇವಿಡ್ ಲೆವಿ ಇವರನ್ನು ಎಬಿಸಿ ಟೀವಿಗೆ ತಂದರು. ಆಗ ಎಲ್ಲರಿಗೂ ನಾಮಕರಣವಾಯಿತು. ಅಪ್ಪ ಗೋಮೆಜ್, ಅಮ್ಮ ಮೊರ್ಟೀಷಿಯಾ, ಮಗಳು ವೆನ್ಸ್‌ಡೇ, ಮಗ ಪಗ್ಸ್‌ಲಿ, ದೊಡ್ಡಪ್ಪ ಫೆಸ್ಟರ್, ಆಳು ಲರ್ಚ್. ಮಗನಿಗೆ ಆಡಮ್ಸ್ ಸೂಚಿಸಿದ ಮೊದಲ ಹೆಸರು ಪ್ಯೂಬರ್ಟ್. ಟೀವಿಯವರಿಗೆ ಅದು ಮುಜುಗರ ತಂದಿತು, ತಿರಸ್ಕರಿಸಿದರು. ಅದೇ ಹೆಸರು ಸುಮಾರು 30 ವರ್ಷ ಕಾದು, 1993ರ ಚಿತ್ರದಲ್ಲಿ ಹುಟ್ಟುವ ಕೂಸಿಗೆ ಸಿಕ್ಕಿತು. ಫೆಸ್ಟರ್ ಆಗಿ ನಟಿಸಿದ್ದು ಜ್ಯಾಕಿ ಕೂಗನ್. 1921ರ ಚಾಪ್ಲಿನ್ ಚಿತ್ರ ‘ದಿ ಕಿಡ್’ನಲ್ಲಿ ಎಲ್ಲರ ಕಣ್ಣಲ್ಲಿ ನೀರು ತರಿಸಿದ ಪುಟ್ಟ ಹುಡುಗ ಇಲ್ಲಿ ಬೋಳುತಲೆಯ, ಬಾಯಲ್ಲಿ ಬಲ್ಬು ಇಟ್ಟರೆ ಬೆಳಗುವ ಫೆಸ್ಟರ್. ವಿಕ್ ಮಿಜ್ಜಿ ಕೊಟ್ಟ ಚಿಟಿಕೆಯ ತಾಳದ ಶೀರ್ಷಿಕೆ ಗೀತೆ ಮನೆಮನೆಗೂ ಮುಟ್ಟಿತು. 64 ಕಂತುಗಳಾದ ಮೇಲೆ 1966ರಲ್ಲಿ ಸರಣಿ ನಿಂತಿತು. ಟೀವಿಗೆ ಹೋದದ್ದಕ್ಕೆ ಆಡಮ್ಸ್ ಬೆಲೆಯನ್ನೂ ತೆತ್ತರು. ‘ನ್ಯೂಯಾರ್ಕರ್’ನ ಸಂಪಾದಕ ವಿಲಿಯಂ ಶಾನ್ ಆ ಬಳಿಕ ಈ ಕುಟುಂಬದ ಚಿತ್ರಗಳನ್ನು ಪತ್ರಿಕೆಯಿಂದ ದೂರವಿಟ್ಟರು. 1988ರಲ್ಲಿ ಆಡಮ್ಸ್ ತೀರಿಕೊಂಡರು. ಸಿನಿಮಾ ನೋಡುವ ಯೋಗ ಅವರಿಗಿರಲಿಲ್ಲ.

ಮೊದಲ ಸಿನಿಮಾ ಸುಲಭಕ್ಕೆ ಆಗಲಿಲ್ಲ. ನಿರ್ಮಾಪಕ ಸ್ಕಾಟ್ ರುಡಿನ್ ನಿರ್ದೇಶನಕ್ಕೆ ಆರಿಸಿಕೊಂಡ ಬ್ಯಾರಿ ಸಾನೆನ್‌ಫೆಲ್ಡ್ ಅಲ್ಲಿಯವರೆಗೆ ಛಾಯಾಗ್ರಾಹಕರು; ಕೋಯೆನ್ ಸಹೋದರರ ಮೊದಲ ಮೂರು ಚಿತ್ರಗಳಿಗೆ ಕ್ಯಾಮೆರಾ ಹಿಡಿದವರು. ನಿರ್ದೇಶನ ಅವರಿಗೆ ಅದೇ ಮೊದಲು. ಚಿತ್ರೀಕರಣದ ನಡುವೆಯೇ, ಚಿತ್ರ ತೆಗೆಯುತ್ತಿದ್ದ ಓರಿಯನ್ ಸಂಸ್ಥೆ ಸಾಲದಲ್ಲಿ ಮುಳುಗಿ ಅದನ್ನು ಪ್ಯಾರಾಮೌಂಟ್‌ಗೆ ಮಾರಿತು. ಇಷ್ಟೆಲ್ಲ ಆದರೂ 1991ರ ನವೆಂಬರ್‌ನಲ್ಲಿ ಬಿಡುಗಡೆಯಾದ ಚಿತ್ರ ಅಮೆರಿಕದಲ್ಲೇ 11 ಕೋಟಿ ಡಾಲರ್ ದಾಟಿ ಗಳಿಸಿತು. ಕತೆ ತೆಳುವಾಗಿತ್ತು. ಗೆಲ್ಲಿಸಿದ್ದು ನಟವರ್ಗ: ಗೋಮೆಜ್ ಆಗಿ ರಾಲ್ ಜೂಲಿಯಾ, ಮೊರ್ಟೀಷಿಯಾ ಆಗಿ ಆಂಜೆಲಿಕಾ ಹ್ಯೂಸ್ಟನ್, ಫೆಸ್ಟರ್ ಆಗಿ ಕ್ರಿಸ್ಟೊಫರ್ ಲಾಯ್ಡ್, ವೆನ್ಸ್‌ಡೇ ಆಗಿ ಹನ್ನೊಂದರ ಹುಡುಗಿ ಕ್ರಿಸ್ಟಿನಾ ರಿಚ್ಚಿ.

ಎರಡನೆಯ ಭಾಗಕ್ಕೆ ಇದೇ ಬಳಗವನ್ನು ಉಳಿಸಿಕೊಂಡು, ಬರವಣಿಗೆಯನ್ನು ನಾಟಕಕಾರ ಪಾಲ್ ರುಡ್ನಿಕ್‌ಗೆ ಒಪ್ಪಿಸಿದರು. ನನ್ನ ಎಣಿಕೆಯಲ್ಲಿ ಇಡೀ ಚಿತ್ರದ ಹಣೆಬರಹ ತಿರುಗಿದ್ದು ಇಲ್ಲಿ. ರುಡ್ನಿಕ್ ಬಹಿರಂಗವಾಗಿ ಸಲಿಂಗಿ. ಏಡ್ಸ್ ಸಾವುಗಳ ನಡುವೆ ಪ್ರೀತಿಗೆ ಹೆದರುವ ಯುವಕನ ಕತೆ ಹೇಳುವ ‘ಜೆಫ್ರಿ’ ಎಂಬ ಹಾಸ್ಯನಾಟಕ ಅದೇ ಹೊತ್ತಿಗೆ ನ್ಯೂಯಾರ್ಕ್ ರಂಗಭೂಮಿಯಲ್ಲಿ ಹೆಸರು ಮಾಡುತ್ತಿತ್ತು. ಸಾವಿನ ಮನೆಯಲ್ಲೂ ನಗು ಹೇಗೆ ಬದುಕುತ್ತದೆಂದು ಅವರು ಬಲ್ಲವರು. ಹ್ಯೂಸ್ಟನ್ನಿನ ಸಮಾವೇಶದ ಭಾಷಣಗಳು ಯಾರನ್ನು ಗುರಿಯಾಗಿಸಿದ್ದವೆಂಬುದೂ ಅವರಿಗೆ ಗೊತ್ತಿತ್ತು.

ಕತೆ ಹೀಗೆ. ಮೊರ್ಟೀಷಿಯಾಗೆ ಮೂರನೆಯ ಮಗು ಹುಟ್ಟುತ್ತದೆ, ಹುಟ್ಟುವಾಗಲೇ ಮೀಸೆ. ಅಕ್ಕ ಅಣ್ಣ ಅದನ್ನು ಮುಗಿಸಲು ಚಾವಣಿಯಿಂದ ಎಸೆಯುವುದೇನು, ಗಿಲೋಟಿನ್‌ಗೆ ಒಡ್ಡುವುದೇನು, ಮಗು ಪ್ರತಿ ಸಲ ನಗುನಗುತ್ತಾ ಪಾರಾಗುತ್ತದೆ. ದಾದಿಯಾಗಿ ಬರುವ ಡೆಬ್ಬಿ ಜೆಲಿನ್ಸ್ಕಿ ನಿಜಕ್ಕೆ ಶ್ರೀಮಂತ ಗಂಡಂದಿರನ್ನು ಮದುವೆಯಾಗಿ ಕೊಲ್ಲುವವಳು. ಅವಳ ಕಣ್ಣು ಫೆಸ್ಟರ್‌ನ ಆಸ್ತಿಯ ಮೇಲೆ. ವೆನ್ಸ್‌ಡೇಗೆ ಅನುಮಾನ ಬಂದದ್ದು ತಿಳಿದೊಡನೆ ಮಕ್ಕಳಿಬ್ಬರನ್ನೂ ಬೇಸಿಗೆ ಶಿಬಿರಕ್ಕೆ ಸಾಗಹಾಕುತ್ತಾಳೆ.

ಡೆಬ್ಬಿಯಾಗಿ ಜೋನ್ ಕ್ಯೂಸ್ಯಾಕ್ ನಟನೆ ಅದ್ಭುತ. ಈಕೆಗೆ ಹೊಂಗೂದಲು, ಬಿಳಿ ಗುಲಾಬಿ ಉಡುಪು, ಸಿಹಿ ದನಿ. ಚುನಾವಣೆಯ ಪೋಸ್ಟರಿನಲ್ಲಿ ನಿಲ್ಲಿಸಿದ್ದರೆ ಆದರ್ಶ ಗೃಹಿಣಿ ಎನ್ನಬಹುದಿತ್ತು. ಫೆಸ್ಟರ್‌ನನ್ನು ಮದುವೆಯಾದೊಡನೆ ಅವಳು ಮಾಡುವ ಮೊದಲ ಕೆಲಸ, ಅವನನ್ನು ಅವನ ಮನೆಯವರಿಂದ ಕಡಿದುಹಾಕುವುದು. ಅವಳ ಹೊಸ ಬಂಗಲೆಯನ್ನೂ ಆಡಮ್ಸ್ ಮನೆಯನ್ನೂ ವಿನ್ಯಾಸ ಮಾಡಿದ್ದು ಕೆನ್ ಆಡಮ್. ‘ಡಾಕ್ಟರ್ ಸ್ಟ್ರೇಂಜ್‌ಲವ್’ನ ಯುದ್ಧಕೊಠಡಿ ಕಟ್ಟಿದ, ಜೇಮ್ಸ್ ಬಾಂಡ್ ಚಿತ್ರಗಳ ಖಳರ ಅಡಗುತಾಣಗಳನ್ನು ಕಲ್ಪಿಸಿದ ಕಲಾನಿರ್ದೇಶಕ. ಬರ್ಲಿನ್ನಿನ ಯಹೂದಿ ಮನೆತನದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಬಾಲಕನಾಗಿ ಬ್ರಿಟನ್ನಿಗೆ ಓಡಿಬಂದು, ಯುದ್ಧದಲ್ಲಿ ಬ್ರಿಟನ್ನಿನ ಪರವಾಗಿಯೇ ವಿಮಾನ ಹಾರಿಸಿದವರು. ಅವರ ಕೈಯಲ್ಲಿ ಡೆಬ್ಬಿಯ ಮನೆ ಬೆಳಕಿನಿಂದ ತುಂಬಿದೆ, ಕೂರಲು ಮಾತ್ರ ಮನಸ್ಸಾಗುವುದಿಲ್ಲ. ಆಡಮ್ಸ್ ಮನೆ ಕತ್ತಲು, ಆದರೆ ಪ್ರತಿ ಮೂಲೆಯಲ್ಲೂ ಯಾರೋ ಬದುಕಿದ ಗುರುತಿದೆ. ಈ ಕೆಲಸಕ್ಕೆ ಆಸ್ಕರ್ ನಾಮನಿರ್ದೇಶನ ಬಂತು. ಪ್ರಶಸ್ತಿ ಆ ವರ್ಷ ‘ಶಿಂಡ್ಲರ್ಸ್ ಲಿಸ್ಟ್’ಗೆ ಹೋಯಿತು.

ಮೊರ್ಟೀಷಿಯಾಳ ಕಣ್ಣುಗಳನ್ನು ಹತ್ತಿರದಿಂದ ನೋಡಿ. ಅವಳು ಎಲ್ಲಿ ನಿಂತರೂ ಕಣ್ಣಿಗೆ ಅಡ್ಡಲಾಗಿ ತೆಳು ಬೆಳಕಿನ ಪಟ್ಟಿಯೊಂದು ಬೀಳುತ್ತದೆ, ಉಳಿದ ಮುಖ ಅರೆನೆರಳಲ್ಲಿರುತ್ತದೆ. ಆ ಪಟ್ಟಿಗೆಂದೇ ಪ್ರತ್ಯೇಕ ದೀಪ ಇಡುತ್ತಿದ್ದರು. ಆಂಜೆಲಿಕಾ ಹ್ಯೂಸ್ಟನ್ ಕಣ್ಣಂಚನ್ನು ಹಿಂದಕ್ಕೆ ಎಳೆದು ಕಟ್ಟಿ, ಬಿಗಿ ಕಂಚುಕದಲ್ಲಿ ಮೈ ಸೆಳೆದು, ದಿನವಿಡೀ ಹಾಗೇ ನಿಲ್ಲುತ್ತಿದ್ದರು. ಆ ಕಟ್ಟಿನಿಂದ ತಲೆನೋವು ಬರುತ್ತಿತ್ತು. ತೆರೆಯ ಮೇಲೆ ಅದರ ಸುಳಿವೂ ಇಲ್ಲ; ಇರುವುದು ತಂಪು ದನಿ, ಗಂಡನ ಮೇಲೆ ಕರಗದ ಮೋಹ. ಗೋಮೆಜ್ ಜೊತೆಗಿನ ಟ್ಯಾಂಗೋ ನೃತ್ಯದ ಕಾವಿಗೆ ಹೋಟೆಲಿನ ಶಾಂಪೇನ್ ಬಾಟಲಿಗಳ ಬಿರಡೆಗಳು ತಾವಾಗಿ ಹಾರುತ್ತವೆ. ಇಬ್ಬರು ಮಕ್ಕಳಾಗಿ ಮೂರನೆಯದೂ ತೊಟ್ಟಿಲಲ್ಲಿರುವಾಗ ಗಂಡಹೆಂಡಿರು ಹೀಗೆ ಪ್ರೀತಿಸುವುದನ್ನು ಹಾಲಿವುಡ್ ಎಷ್ಟು ಸಲ ತೋರಿಸಿದೆ?

ಈಗ ಶಿಬಿರಕ್ಕೆ ಬರೋಣ. ಚಿತ್ರದ ತಿರುಳು ಅಲ್ಲಿದೆ.

ಕ್ಯಾಂಪ್ ಚಿಪ್ಪೇವಾ ಶ್ರೀಮಂತರ ಮಕ್ಕಳ ಶಿಬಿರ. ಮಹಾ ಸರೋವರಗಳ ಸೀಮೆಯ ಮೂಲನಿವಾಸಿಗಳ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ, ಅಲ್ಲಿ ಆ ಜನ ಒಬ್ಬರೂ ಇಲ್ಲ. ನಡೆಸುವ ಗ್ಯಾರಿ ಮತ್ತು ಬೆಕಿ ಗ್ರೇಂಜರ್ ದಂಪತಿಗಳಾಗಿ ಪೀಟರ್ ಮ್ಯಾಕ್‌ನಿಕಲ್ ಮತ್ತು ಕ್ರಿಸ್ಟೀನ್ ಬರಾನ್ಸ್ಕಿ ಮುಖದಿಂದ ನಗೆ ಇಳಿಸುವುದೇ ಇಲ್ಲ. ನಗದ ಮಕ್ಕಳನ್ನು ‘ಹಾರ್ಮನಿ ಹಟ್’ ಎಂಬ ಗುಡಿಸಲಲ್ಲಿ ಕೂಡಿಹಾಕಿ, ಸುಖಾಂತ್ಯದ ಕೌಟುಂಬಿಕ ಚಿತ್ರಗಳನ್ನು ಮೇಲಿಂದ ಮೇಲೆ ತೋರಿಸಿ ದಾರಿಗೆ ತರುತ್ತಾರೆ. ಹೊರಬಂದ ವೆನ್ಸ್‌ಡೇ ಎಲ್ಲರೆದುರು ನಗುತ್ತಾಳೆ. ರಿಚ್ಚಿಯ ತುಟಿಗಳು ಒಂದೊಂದೇ ಎಳೆಯಷ್ಟು ಬಿಚ್ಚಿಕೊಳ್ಳುತ್ತಾ ಹೋಗುತ್ತವೆ. ಕಣ್ಣುಗಳು ಮಾತ್ರ ಇದ್ದಲ್ಲೇ ಇರುತ್ತವೆ. ಸುತ್ತ ನಿಂತ ಮಕ್ಕಳು ಬೆಚ್ಚುತ್ತಾರೆ. ಹದಿಮೂರರ ಹುಡುಗಿ ಒಂದು ಮಾತಿಲ್ಲದೆ ಮಾಡಿದ ಆ ಅಭಿನಯಕ್ಕೆ ಸಮ ಹುಡುಕುವುದು ಕಷ್ಟ.

ಗ್ಯಾರಿ ತಾನೇ ಬರೆದ ನಾಟಕವೊಂದನ್ನು ಮಕ್ಕಳಿಂದ ಆಡಿಸುತ್ತಾನೆ. ವಿಷಯ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮೂಲಕತೆ: ಮೇಫ್ಲವರ್ ಹಡಗಿನಲ್ಲಿ ಬಂದ ಬಿಳಿಯ ವಲಸಿಗರು 1621ರಲ್ಲಿ ಪ್ಲಿಮತ್‌ನಲ್ಲಿ ಮೂಲನಿವಾಸಿಗಳೊಡನೆ ಕೂತು ಉಂಡ ಕತೆ. ಹೊಂಗೂದಲಿನ, ಚೆಂದದ, ಉಳ್ಳವರ ಮಕ್ಕಳೆಲ್ಲ ವಲಸಿಗರ ಪಾತ್ರಕ್ಕೆ. ಯಹೂದಿ ಹುಡುಗ, ಕಪ್ಪು ಮಕ್ಕಳು, ಏಷ್ಯಾ ಮೂಲದವರು, ಗಾಲಿಕುರ್ಚಿಯ ಮಗು, ಹೆಸರು ಉಚ್ಚರಿಸಲು ಬೆಕಿಗೆ ಬಾಯಿ ತಿರುಗದವರು, ಇವರೆಲ್ಲ ‘ಇಂಡಿಯನ್’ ಪಾತ್ರಕ್ಕೆ. ಪಗ್ಸ್‌ಲಿಗೆ ಟರ್ಕಿ ಕೋಳಿಯ ವೇಷ. ವೆನ್ಸ್‌ಡೇ ಪೋಕಹಾಂಟಸ್. ಗ್ಯಾರಿಗೆ ಇತಿಹಾಸವೂ ಬೇಕಿಲ್ಲ. ಪೋಕಹಾಂಟಸ್ ದೂರದ ವರ್ಜೀನಿಯಾದ ಪೌಹಟಾನ್ ಜನರ ಮಗಳು. ಮೇಫ್ಲವರ್ ಬರುವುದಕ್ಕೆ ಮೂರು ವರ್ಷ ಮೊದಲು, 1617ರಲ್ಲಿ, ಇಂಗ್ಲೆಂಡಿನಲ್ಲಿ ತೀರಿಕೊಂಡವಳು. ಅಮೆರಿಕದ ಅದೆಷ್ಟೋ ಮಕ್ಕಳ ಮನಸ್ಸಿನಲ್ಲಿ ಈ ಎರಡೂ ಒಂದೇ ಕತೆಯಾಗಿ ಕೂತಿದ್ದನ್ನು ರುಡ್ನಿಕ್ ಬಲ್ಲರು.

ನಾಟಕದ ನಡುವೆ ವಲಸಿಗರು ಊಟಕ್ಕೆ ಕರೆದಾಗ ವೆನ್ಸ್‌ಡೇ ಬಾಯಿಪಾಠದ ಮಾತು ಬಿಟ್ಟುಬಿಡುತ್ತಾಳೆ. ನೀವು ನಮ್ಮ ನೆಲ ಕಿತ್ತುಕೊಂಡಿದ್ದೀರಿ ಎನ್ನುತ್ತಾಳೆ. ಮುಂದೆ ನಮ್ಮವರು ಮೀಸಲು ಪ್ರದೇಶಗಳ ಗಾಲಿಮನೆಗಳಲ್ಲಿ ಬದುಕುತ್ತಾರೆ, ಹೆದ್ದಾರಿಯ ಬದಿ ಕೂತು ಬಳೆ ಮಾರುತ್ತಾರೆ ಎಂದು ಭವಿಷ್ಯ ನುಡಿಯುತ್ತಾಳೆ. ದನಿ ಏರುವುದಿಲ್ಲ. ಆಮೇಲೆ ಆ ಹೊರಗಿನ ಮಕ್ಕಳೆಲ್ಲ ಎದ್ದು ರಂಗದ ಮೇಲಿನ ಹಳ್ಳಿಗೆ ಬೆಂಕಿ ಇಡುತ್ತಾರೆ.

ಆ ದೃಶ್ಯ ಎರಡು ನಿಜ ಸಂಗತಿಗಳನ್ನು ನೆನಪಿಸುತ್ತದೆ. ಒಂದು 1637ರ ಮೇ 26ರದು. ಇಂದಿನ ಕನೆಕ್ಟಿಕಟ್‌ನ ಮಿಸ್ಟಿಕ್ ಎಂಬಲ್ಲಿ ಇಂಗ್ಲಿಷ್ ವಲಸಿಗರು ತಮ್ಮ ಮಿತ್ರಪಡೆಗಳೊಡನೆ ಪೀಕ್ವಾಟ್ ಜನರ ಹಳ್ಳಿಯನ್ನು ಮುತ್ತಿ ಬೆಂಕಿ ಹಚ್ಚಿದರು. ಹೆಂಗಸರು ಮಕ್ಕಳೆನ್ನದೆ ನೂರಾರು ಮಂದಿ ಸತ್ತರು. ಹಬ್ಬದೂಟದ ಕತೆಗೆ ಆಗಿನ್ನೂ 16 ವರ್ಷ. ನಿಜದಲ್ಲಿ ಬೆಂಕಿ ಯಾರ ಮನೆಗೆ ಬಿದ್ದಿತ್ತೋ ಅವರ ವೇಷದ ಮಕ್ಕಳು ಚಿತ್ರದಲ್ಲಿ ಪಂಜು ಹಿಡಿದರು.

ಇನ್ನೊಂದು 1970ರದು. ಮೇಫ್ಲವರ್ ಬಂದು 350 ವರ್ಷವಾದ ಸಂಭ್ರಮಕ್ಕೆ, ವಾಂಪನೋಗ್ ಜನರ ಮುಂದಾಳು ಫ್ರಾಂಕ್ ಜೇಮ್ಸ್ ಅವರನ್ನು ಮಾತನಾಡಲು ಕರೆದಿದ್ದರು. ವಾಮ್‌ಸುಟಾ ಎಂಬುದು ಅವರ ವಾಂಪನೋಗ್ ಹೆಸರು. ಅವರು ಬರೆದುಕೊಂಡ ಭಾಷಣದಲ್ಲಿ ದೋಚಿದ ಗೋರಿಗಳ, ಕಳೆದುಕೊಂಡ ನೆಲದ ಮಾತಿತ್ತು. ಮೊದಲೇ ಓದಿದ ಸಂಘಟಕರು ಒಪ್ಪದೆ, ತಿದ್ದಿದ ಬೇರೊಂದು ಭಾಷಣ ಕೊಟ್ಟರು. ಜೇಮ್ಸ್ ಅದನ್ನು ಓದಲು ನಿರಾಕರಿಸಿದರು. ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ದಿನ ಪ್ಲಿಮತ್‌ನ ಕೋಲ್ಸ್ ಹಿಲ್ ಮೇಲೆ ಸೇರಿದ ಜನ ಅದನ್ನು ರಾಷ್ಟ್ರೀಯ ಶೋಕದಿನವೆಂದು ಕರೆದರು. ಇಂದಿಗೂ ಪ್ರತಿ ವರ್ಷ ಅಲ್ಲಿ ಸೇರುತ್ತಾರೆ. ಬರೆದುಕೊಟ್ಟ ಮಾತನ್ನು ಆಡಲು ಒಲ್ಲದ ಆ ಹಿರಿಯರ ಹಠವನ್ನೇ ರುಡ್ನಿಕ್ ನೆನೆದು ಬರೆದರೆಂದು ನಾನು ಹೇಳಲಾರೆ. ಆದರೆ ವೆನ್ಸ್‌ಡೇ ಮಾಡಿದ್ದು ಅದನ್ನೇ. ಅದೂ 1993ರ ಹಬ್ಬಕ್ಕೆ ಆರೇ ದಿನ ಮೊದಲು, ಮನೆಮಂದಿಯೆಲ್ಲ ಮಕ್ಕಳೊಡನೆ ಥಿಯೇಟರಿಗೆ ಹೋಗುವ ವಾರದಲ್ಲಿ.

ಒಂದು ಕೊರತೆಯನ್ನು ಹೇಳಲೇಬೇಕು. ಮೂಲನಿವಾಸಿಗಳ ನೋವು ಇಲ್ಲಿ ಬಿಳಿಯ ಹುಡುಗಿಯ ಬಾಯಲ್ಲಿ ಬರುತ್ತದೆ. ಅವರ ಕುಲದ ಒಬ್ಬ ನಟನಿಗೂ ಕತೆಯಲ್ಲಿ ದೊಡ್ಡ ಪಾತ್ರವಿಲ್ಲ. ಹಾಗಿದ್ದೂ, ಎರಡು ವರ್ಷದ ಬಳಿಕ ಡಿಸ್ನಿಯ ‘ಪೋಕಹಾಂಟಸ್’ ಬಂದಾಗ ಅದರ ಸಿಹಿ ಸುಳ್ಳಿಗೆ ಉತ್ತರ ಈ ಹಾಸ್ಯಚಿತ್ರದಲ್ಲಿ ಮೊದಲೇ ಇತ್ತು.

ಗಲ್ಲಾಪೆಟ್ಟಿಗೆಯಲ್ಲಿ ಚಿತ್ರ ಮೊದಲ ವಾರಾಂತ್ಯ ಅಗ್ರಸ್ಥಾನದಲ್ಲಿತ್ತು. ಐದೇ ದಿನಕ್ಕೆ ರಾಬಿನ್ ವಿಲಿಯಮ್ಸ್‌ರ ‘ಮಿಸೆಸ್ ಡೌಟ್‌ಫೈರ್’ ಬಂದು ಅದನ್ನು ಮುಳುಗಿಸಿತು. ಅಮೆರಿಕದಲ್ಲಿ ಗಳಿಸಿದ್ದು ಸುಮಾರು 4.9 ಕೋಟಿ ಡಾಲರ್, ಮೊದಲ ಚಿತ್ರದ ಅರ್ಧಕ್ಕೂ ಕಡಿಮೆ.

ಮೂರನೆಯದು ಅದೇ ಬಳಗದಿಂದ ಬರಲಿಲ್ಲ. 1994ರ ಅಕ್ಟೋಬರ್ 24ರಂದು ರಾಲ್ ಜೂಲಿಯಾ ಪಾರ್ಶ್ವವಾಯುವಿನಿಂದ ತೀರಿಕೊಂಡರು. ವಯಸ್ಸು 54. ಪೋರ್ಟೊರಿಕೊದಿಂದ ನ್ಯೂಯಾರ್ಕಿಗೆ ಬಂದು ಷೇಕ್ಸ್‌ಪಿಯರ್ ನಾಟಕಗಳಲ್ಲಿ ಬೆಳೆದ ನಟ. ಎಲ್ ಸಾಲ್ವಡಾರ್‌ನ ಹುತಾತ್ಮ ಆರ್ಚ್‌ಬಿಷಪ್ ರೊಮೆರೊ ಆಗಿ, ಅಮೆಜಾನ್ ಕಾಡಿನ ಹೋರಾಟಗಾರ ಚಿಕೊ ಮೆಂಡೆಸ್ ಆಗಿ ನಟಿಸಿದವರು. ಜಗತ್ತಿನ ಹಸಿವಿನ ವಿರುದ್ಧ ವರ್ಷಗಟ್ಟಲೆ ದುಡಿದವರು. ಅವರ ಗೋಮೆಜ್‌ನಲ್ಲಿ ಬೆಂಕಿಯಂತಹ ಉಲ್ಲಾಸವಿತ್ತು. ಎರಡನೆಯ ಚಿತ್ರದಲ್ಲಿ ಅವರ ಕೆನ್ನೆ ಬತ್ತಿರುವುದು ಕಾಣುತ್ತದೆ, ಉತ್ಸಾಹ ಬತ್ತಿಲ್ಲ. 1998ರಲ್ಲಿ ಬೇರೆ ನಟರೊಡನೆ ನೇರ ವಿಡಿಯೋಗೆಂದು ತೆಗೆದ ‘ಆಡಮ್ಸ್ ಫ್ಯಾಮಿಲಿ ರಿಯೂನಿಯನ್’ ನೆನಪಿಡುವಂಥದ್ದಲ್ಲ.

2022ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ವೆನ್ಸ್‌ಡೇ’ ಬಂತು. ಜೆನ್ನಾ ಒರ್ಟೆಗಾ ನಾಯಕಿ. ಹಳೆಯ ವೆನ್ಸ್‌ಡೇ ರಿಚ್ಚಿಗೆ ಶಿಕ್ಷಕಿಯ ಪಾತ್ರ. ಅದರಲ್ಲೂ ವಲಸಿಗರ ಕಾಲವನ್ನು ಮಾರಾಟಕ್ಕಿಟ್ಟ ‘ಪಿಲ್ಗ್ರಿಮ್ ವರ್ಲ್ಡ್’ ಎಂಬ ಉದ್ಯಾನವಿದೆ, ವೆನ್ಸ್‌ಡೇ ಅಲ್ಲಿನ ಸುಳ್ಳನ್ನು ಎದುರಿಗೇ ಎತ್ತಿ ಹೇಳುತ್ತಾಳೆ. 1993ರ ಆ ಶಿಬಿರದ ನೆರಳು ಇದರ ಮೇಲಿದೆ.

ಇಡೀ ಸರಣಿಯಲ್ಲಿ ಶ್ರೇಷ್ಠವಾದದ್ದು ಈ ಎರಡನೆಯ ಚಿತ್ರವೇ ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಮೊದಲನೆಯದನ್ನು ನೋಡದೆ ನೇರ ಇದಕ್ಕೇ ಬಂದರೂ ಕತೆ ತಿಳಿಯುತ್ತದೆ. ತುಸು ದೊಡ್ಡ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಂಡು ನೋಡಿ. ಶಿಬಿರದ ನಾಟಕ ಮುಗಿದ ಮೇಲೆ ಒಂದು ನಿಮಿಷ ನಿಲ್ಲಿಸಿ, ಪೋಕಹಾಂಟಸ್ ಪ್ಲಿಮತ್‌ನ ಆ ಊಟಕ್ಕೆ ಬಂದವಳೇ ಅಲ್ಲವೆಂದೂ, ಮಿಸ್ಟಿಕ್‌ನಲ್ಲಿ ಉರಿದದ್ದು ಯಾರ ಹಳ್ಳಿಯೆಂದೂ ಅವರಿಗೆ ಹೇಳಿ.